ಬಣ್ಣ ಹೀರುವ ಮಣ್ಣು

ಚರ್ಮದ ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತಿದ್ದ ನಿವೃತ್ತ ಮೇಷ್ಟ್ರ ಕಿವಿ ನೆಟ್ಟಗಾಯಿತು. ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿದ್ದ ಅತ್ತೆ, ಡಬ್ಬಿ ಹಿಡಿದ ಸೊಸೆ.

“ಅತ್ತೆ, ಲ್ಯಾಬಿನ ಮಣ್ಣು ಅಂತ ಡಬ್ಬಿ ಮೇಲೆ ಬರೆದಿದ್ನಲ್ಲ!”

“ತಲೆಗೆ ತಂಪು ಅಂತ ಮೆತ್ಕೊಂಡೆ ಕಣೆ.”

“ಬಟ್ಟೆ ಕಾರ್ಖಾನೆ ನೀರಲ್ಲಿರೋ ಬಣ್ಣ ಹೀರ್ಕೊಳ್ಳಲಿ ಅಂತ ಹದ ಮಾಡಿದ್ದ ಮಣ್ಣದು.”

“ನಿನ್ನೆ ತಾನೆ ಹಚ್ಚಿದ್ದ ನನ್ನ ಕೂದಲಿನ ಕಪ್ಪನ್ನೂ ಹೀರ್ಕೊಂಡ್ಬಿಡ್ತಲ್ಲೇ! ತಲೆ ತೊಳ್ಕೊಂಡು ಹಿತ್ತಲಿಂದ ಬಂದು ಬಾಗಿಲು ತಟ್ಟಿದ್ರೆ, ನಿಮ್ಮ ಮಾವ ತೆಗೆದು, ‘ಯಾರು ಬೇಕಾಗಿತ್ತು?’ ಅಂದ್ರು.”

“ಆರು ತಿಂಗಳಿಂದ ನನಗೆ ಬರದ ಫಲಿತಾಂಶ ನಿಮ್ಮ ತಲೇಲಿ ಬಂತು. ತಲೆ ತೊಳೆದ ನೀರೆಲ್ಲಿ?”

“ಚೆಲ್ಲಿದೆ.”

“ಅಯ್ಯೋ! ಹಾಗಾದ್ರೆ ಇನ್ನೊಂದ್ಸಲ ಬಣ್ಣ ಹಚ್ಕೊಳ್ಳಿ.”

ಒಳಗಿಂದ ಕರೆ ಬಂತು. ಡಬ್ಬಿಯನ್ನು ಕುರ್ಚಿಯ ಮೇಲೆ ಬಿಟ್ಟು ಇಬ್ಬರೂ ಎದ್ದು ಹೋದರು.

ಮೇಷ್ಟ್ರು ತಮ್ಮ ಕಡುಗಪ್ಪು ಮೀಸೆಯನ್ನು ಅಂಗೈಯಿಂದ ಮುಚ್ಚಿಕೊಂಡು ಎರಡು ಕುರ್ಚಿ ಆಚೆ ಸರಿದು ಕೂತರು.