ಈರಣ್ಣ, ವೀರಣ್ಣ ಮತ್ತು ಲಕ್ಷ್ಮಿದೇವಮ್ಮನವರ ಬೆರಳು

ಕೊರಳಿನ ಕೊಬ್ಬರಿ ಹಾರದಿಂದ ಆಗಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಿರುವ ಅಧ್ಯಕ್ಷರೂ ನಮ್ಮ ಪ್ರೆಸ್ಸಿನ ಮಾಲೀಕರೂ ಆದ ಶ್ರೀ ಹುಚ್ಚರಂಗಯ್ಯನವರೇ, ಇಪ್ಪತ್ತೆಂಟು ವರ್ಷ ತಿಪಟೂರು ಸೀಮೆಯ ಲಗ್ನಪತ್ರಿಕೆಗಳನ್ನು ಟೈಪ್ ಮಾಡಿ ಇಂದು ನಿವೃತ್ತರಾಗುತ್ತಿರುವ ಶ್ರೀಮತಿ ಲಕ್ಷ್ಮಿದೇವಮ್ಮನವರೇ, ಉಪ್ಪಿಟ್ಟಿನ ವಾಸನೆ ಬಂದಾಗಿನಿಂದ ಹಿಂದಕ್ಕೇ ತಿರುಗಿ ನೋಡುತ್ತಿರುವ ಸಭಿಕರೇ,

ನನಗೆ ಕೊಟ್ಟಿರುವುದು ಎರಡು ನಿಮಿಷ. ಪಾಪ ದೊಡ್ಡದು, ಸಮಯ ಸಣ್ಣದು.

ಪ್ರೆಸ್ಸಿನಲ್ಲಿ ನಾವೆಲ್ಲ ಅಮ್ಮ ಎನ್ನುವ ಲಕ್ಷ್ಮಿದೇವಮ್ಮನವರು ಟೈಪ್ ಮಾಡುವಾಗ ಕೀಲಿಗಳನ್ನು ನೋಡುವುದಿಲ್ಲ, ಪರದೆಯನ್ನೂ ನೋಡುವುದಿಲ್ಲ. ಕಣ್ಣು ಗಿರಾಕಿ ಬರೆದುಕೊಟ್ಟ ಚೀಟಿಯ ಮೇಲೆ. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಕೈಗಳ ಮೇಲೆ ಒಂದು ಚೌಕಳಿ ಟವೆಲ್ ಹೊದಿಸಿ, "ಇಣುಕ್ಬ್ಯಾಡ ಕಣ್ಲಾ ತಿಮ್ಮರಾಜು, ಅಕ್ಷರ ಬೆರಳಲ್ಲಿರ್ಬೇಕು" ಎಂದರು. ಆರು ತಿಂಗಳು ಇಣುಕಿದೆ. ಆರು ತಿಂಗಳೂ ಸ್ಕೇಲಿನ ಪೆಟ್ಟು ತಿಂದೆ.

ಹೋದ ಮಾಘದಲ್ಲಿ ನೊಣವಿನಕೆರೆಯವರೊಬ್ಬರು 'ಈರಣ್ಣ' ಎಂದು ಬರೆದು ತಂದರು. ಅಧ್ಯಕ್ಷರಿಗೆ ಅದು ಸೇರಲಿಲ್ಲ. "ಹಳ್ಳಿ ಮಾತು ಪತ್ರಿಕೇಲಿ ಬರಬಾರ್ದು ಕಣ್ರೀ" ಎಂದವರೇ ಕಂಪ್ಯೂಟರಿನ ಆಟೋಕರೆಕ್ಟಿನಲ್ಲಿ ಒಂದು ಕಟ್ಟಳೆ ಹಾಕಿದರು: ಯಾರೇ ಈರಣ್ಣ ಎಂದು ಹೊಡೆದರೂ ಅದು ತಾನಾಗಿ ವೀರಣ್ಣ ಆಗಬೇಕು.

ಸಭಿಕರೇ, ಚಿಕ್ಕನಾಯಕನಹಳ್ಳಿಯ ನಮ್ಮಜ್ಜನ ಹೆಸರು ಈರಣ್ಣ. ಎಂಬತ್ತೊಂದು ವರ್ಷ ಈರಣ್ಣನಾಗಿಯೇ ಮುದ್ದೆ ಉಂಡವರು. ಅವರನ್ನು ತಿದ್ದಲು ಇವರ್ಯಾರು? ಅಧ್ಯಕ್ಷರು ಕ್ಷಮಿಸಬೇಕು, ಅಂದು ಹಾಗನ್ನಿಸಿತು. ಆ ಕಟ್ಟಳೆಯನ್ನು ಅಳಿಸಿದ್ದರೆ ಮರ್ಯಾದಸ್ಥನಾಗುತ್ತಿದ್ದೆ. ಅಳಿಸಲಿಲ್ಲ. ಪಕ್ಕದಲ್ಲಿ ಇನ್ನೊಂದು ಹಾಕಿದೆ: ವೀರಣ್ಣ ಎಂದು ಹೊಡೆದರೆ ಈರಣ್ಣ ಆಗಲಿ!

ಫಲವೇನಾಯಿತು? ಈರಣ್ಣರೆಲ್ಲ ವೀರಣ್ಣರಾದರು, ವೀರಣ್ಣರೆಲ್ಲ ಈರಣ್ಣರಾದರು. ತುರುವೇಕೆರೆಯ ಒಂದು ಪತ್ರಿಕೆಯಲ್ಲಿ ವರ ವೀರಣ್ಣ, ಅವನ ಸೋದರಮಾವ ಈರಣ್ಣ. ಅಚ್ಚಾಗಿ ಬಂದಾಗ ಮಾವನಿಗೇ ಮದುವೆ! ಆ ಮಾವ ಅಂಗಡಿಗೇ ಬಂದು ಕೈಮುಗಿದರು: "ಅರವತ್ತೈದಕ್ಕೆ ಹೆಣ್ಣು ಗೊತ್ತುಮಾಡಿದ್ರಲ್ಲ ಪುಣ್ಯಾತ್ಮರು. ನಮ್ಮನೆಯೋಳ್ಗೆ ನೀವೇ ಬಂದು ಹೇಳ್ಬುಡಿ." ನಾನು ಕಾಗದದ ಕಟ್ಟುಗಳ ಹಿಂದೆ ಕೂತು ನಕ್ಕೆ.

ಅಮ್ಮ ನಗಲಿಲ್ಲ. ಚೀಟಿಯನ್ನೂ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ನನಗೊಬ್ಬನಿಗೇ ಹೇಳಿದರು: "ಕಣ್ಣು ಚೆನ್ನಾಗೈತಂತೆ ಕಣಪ್ಪ. ಹಂಗಾದ್ರೆ ಕೆಟ್ಟಿರಾದು ತಲೆ. ನಮ್ಮವ್ವಂಗೂ ಹಿಂಗೇ ಶುರುವಾಗಿದ್ದು." ಮರುದಿನ ರಾಜೀನಾಮೆ ಕೊಟ್ಟರು. ಟೈಪ್ ಮಾಡಿರಲಿಲ್ಲ. ಕೈಯಲ್ಲಿ ಬರೆದಿದ್ದರು.

ಆಗಲೇ ಹೇಳಬೇಕಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗ ಶಾಮಿಯಾನವೇ ಎದ್ದು ನಿಂತಿತು.

ಅಮ್ಮಾ, ನಿಮ್ಮ ತಲೆ ಸರಿಯಾಗಿದೆ. ಬೆರಳೂ ಸರಿಯಾಗಿವೆ. ತಪ್ಪೆಲ್ಲ ನನ್ನದು, ಅರ್ಧ ಅಧ್ಯಕ್ಷರದು. ಕೆಮ್ಮುತ್ತಿದ್ದಾರೆ, ಕಾಲುಭಾಗ ಎಂದು ತಿದ್ದಿಕೊಳ್ಳುತ್ತೇನೆ. ಎರಡೂ ಕಟ್ಟಳೆಗಳನ್ನು ಇವತ್ತು ಬೆಳಗ್ಗೆ ಅಳಿಸಿದ್ದೇನೆ.

ನಿಮಗೆ ಅರ್ಪಿಸಬೇಕಾದ ಈ ಅಭಿನಂದನಾ ಪತ್ರವನ್ನು ನಾನೇ ಟೈಪ್ ಮಾಡಿದ್ದು. ಹದಿನಾಲ್ಕು ತಪ್ಪುಗಳಿವೆ. ಇದಕ್ಕೆ ಯಾವ ಕಟ್ಟಳೆಯೂ ಕಾರಣವಲ್ಲ; ಇಣುಕಿ ಇಣುಕಿ ಹೊಡೆದದ್ದು. ಇದನ್ನು ಓದುವಂತಿಲ್ಲ, ಆದ್ದರಿಂದ ನೀವು ನಿವೃತ್ತರಾಗುವಂತೆಯೂ ಇಲ್ಲ. ಶಾಲಿನ ಬದಲು ಆ ಚೌಕಳಿ ಟವೆಲನ್ನು ಒಗೆದು ತಂದಿದ್ದೇನೆ. ನಿಮಗೆ ಹೊದಿಸಲು ಅಲ್ಲ, ನನ್ನ ಕೈಗೆ. ಸೋಮವಾರ ಒಂಬತ್ತೂವರೆಗೆ ಬಾಗಿಲು ತೆಗೆದಿರುತ್ತೇನೆ. ಸ್ಕೇಲು ತನ್ನಿ.

ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.