ತಮ್ಮನಿಗೆ ಕೇಳಿಸಿದ ಪುಟಗಳು

ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಊಟದ ಹೊತ್ತು ಮೀರಿದರೂ ಕುರ್ಚಿ ಬಿಟ್ಟೇಳದ ಸಹೃದಯ ಸಭಿಕರೇ,

ನಮ್ಮ ಸಂಸ್ಥೆಯ ವಿನ್ಯಾಸ ವಿಭಾಗಕ್ಕೆ ಇಂದು ಹೊಸ ಮುಖ್ಯಸ್ಥರು ಬಂದಿದ್ದಾರೆ. ಅವರನ್ನು ಪರಿಚಯಿಸುವ ಭಾಗ್ಯ ನನ್ನದು. ಅವರು ನನ್ನ ತಮ್ಮ. ಹುಟ್ಟಿನಿಂದಲೇ ಅವನಿಗೆ ಕಣ್ಣು ಕಾಣುವುದಿಲ್ಲ. ಕಣ್ಣು ಕಾಣದವನು ವೆಬ್‌ಸೈಟುಗಳ ಅಂದಚೆಂದ ನೋಡಿಕೊಳ್ಳುವುದು ಹೇಗೆ ಎಂದು ಕೇಳುತ್ತೀರಾ? ಕೇಳಬೇಕಾದ ಪ್ರಶ್ನೆಯೇ.

ವೆಬ್‌ಪುಟ ಕಟ್ಟುವ ಈ ಕಸುಬಿಗೆ ನಾನು ಇಳಿದಾಗ ವೆಬ್‌ಪುಟ ಎಂದರೆ ಬರೀ ಅಕ್ಷರ. ನೋಡಲು ಬೋಳುಬೋಳು. ಆದರೆ ತಮ್ಮನ ಕಂಪ್ಯೂಟರಿನಲ್ಲಿ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಿತ್ತು. ಅದು ಓದುತ್ತಿತ್ತು, ಅವನು ಕೇಳುತ್ತಿದ್ದ. ಲೋಕದ ಸುದ್ದಿಯೆಲ್ಲ ನನಗಿಂತ ಮೊದಲು ಅವನಿಗೇ ಗೊತ್ತಾಗುತ್ತಿತ್ತು. ಆಮೇಲೆ ಫ್ಯಾಷನ್ ಬದಲಾಯಿತು. ಗುಂಡಿಗಳು ಮಿಂಚತೊಡಗಿದವು, ಚಿತ್ರಗಳು ಕುಣಿಯತೊಡಗಿದವು, ಕೊನೆಗೆ ಅಕ್ಷರಗಳೂ ಚಿತ್ರಗಳೇ ಆದವು. ನಾವೆಲ್ಲ ಬೆರಗಾಗಿ ನೋಡಿದೆವು. ಅಕ್ಷರವನ್ನಷ್ಟೇ ಓದಬಲ್ಲ ತಮ್ಮನ ಕಂಪ್ಯೂಟರ್ ಮಾತ್ರ "ಚಿತ್ರ, ಚಿತ್ರ, ಚಿತ್ರ" ಎಂದು ಸುಮ್ಮನಾಗುತ್ತಿತ್ತು.

ಆ ವರ್ಷ ಅವನು ಸಂಗೀತ ಕಾಲೇಜಿಗೆ ಸೇರಬೇಕಿತ್ತು. ಅರ್ಜಿ ಹಾಕುವ ಪುಟ ಅವನೊಡನೆ ಮಾತಾಡಲೇ ಇಲ್ಲ. "ನಾನು ತುಂಬಿಕೊಡ್ತೀನಿ ಬಿಡೋ," ಎಂದೆ.

"ಬೇಡ ಅಕ್ಕಾ. ಇವತ್ತು ನೀನು ತುಂಬಿಕೊಡ್ತೀಯ. ನಾಳೆ ಯಾರು?" ಎಂದ.

ನಾಳೆಯೂ ನಾನೇ ಇರುತ್ತಿದ್ದೆ. ಅದು ಅವನಿಗೇಕೆ ಹೊಳೆಯಲಿಲ್ಲವೋ... ಇರಲಿ, ಆ ಮಾತು ಇಲ್ಲಿ ಬೇಡ.

ಅವನು ಆ ಪುಟ ಮಾಡಿದ ಸಂಸ್ಥೆಗೇ, ಅಂದರೆ ನಮ್ಮ ಇದೇ ಸಂಸ್ಥೆಗೆ, ಫೋನ್ ಮಾಡಿದ. "ನಿಮ್ಮ ಪುಟಕ್ಕೆ ಬಾಗಿಲು ಎಲ್ಲಿದೆ ಸರ್? ನನಗೆ ಸಿಗ್ತಾ ಇಲ್ಲ," ಎಂದ. ಆ ಕಡೆ ಫೋನ್ ಎತ್ತಿದವರು ಇಂದಿನ ನಮ್ಮ ಅಧ್ಯಕ್ಷರೇ. ಈಗ ನಗುತ್ತಿದ್ದಾರೆ; ಅಂದು ನಗಲಿಲ್ಲವಂತೆ. "ಆಫೀಸಿಗೆ ಬಾಪ್ಪಾ, ಎಲ್ಲೆಲ್ಲಿ ಸಿಗಲ್ಲ ತೋರಿಸು," ಎಂದರಂತೆ. ಅವನು ಹೋದ. ಕೀಲಿಮಣೆಯ ಮೇಲೆ ಬೆರಳಿಟ್ಟು ಒಂದೊಂದೇ ಪುಟ ಕೇಳುತ್ತ, ಮಾತು ಎಲ್ಲಿ ನಿಲ್ಲುತ್ತದೆಂದು ತೋರಿಸಿದ. ಚಿತ್ರಗಳ ಹಿಂದೆ ಕಂಪ್ಯೂಟರ್ ಓದಿ ಹೇಳುವಂಥ ವಿವರಣೆ ಬರೆಸಿದ, ಚಿತ್ರವಾಗಿದ್ದ ಅಕ್ಷರವನ್ನು ಮತ್ತೆ ಅಕ್ಷರ ಮಾಡಿಸಿದ. ತನ್ನ ಅರ್ಜಿ ತಾನೇ ತುಂಬಿದ. ಕಾಲೇಜು ಮುಗಿಸಿ, ಪುಟಗಳನ್ನು ಹೀಗೆಯೇ ಕೇಳಿ ತಿದ್ದಿಸುವ ಕೆಲಸಕ್ಕೆ ಇಲ್ಲಿಗೇ ಬಂದ. ಬೇರೆ ಕಡೆ ಇದ್ದ ನನ್ನನ್ನೂ ಕರೆತಂದ.

ಮುಂದೆ ಮೊಬೈಲುಗಳು ಬಂದವು. ಕುಣಿಯುವ ಚಿತ್ರಗಳಿಗೆ ಅಂಗೈಯಗಲದ ಪರದೆಯಲ್ಲಿ ಜಾಗ ಸಾಲಲಿಲ್ಲ. ಊರವರೆಲ್ಲ ತಂತಮ್ಮ ಪುಟಗಳನ್ನು ಬಿಚ್ಚಿ ಕಟ್ಟುತ್ತಿದ್ದಾಗ ನಮ್ಮವು ಆರಾಮಾಗಿ ಓದಿಸಿಕೊಳ್ಳುತ್ತಿದ್ದವು. ಈಗಿನ ಫ್ಯಾಷನ್ ತೆಳ್ಳನೆಯ ಬೂದು ಅಕ್ಷರ. ಮೊನ್ನೆ ಒಬ್ಬ ಗಿರಾಕಿ ಅದೇ ಬೇಕೆಂದು ಹಟ ಹಿಡಿದರು. ತಮ್ಮ ಹೇಳಿದ, "ನನಗೇನೂ ತೊಂದರೆ ಇಲ್ಲ ಸರ್, ಹೇಗಿದ್ರೂ ಕೇಳಿಸುತ್ತೆ. ನಿಮ್ಮ ತಾಯಿಯವರಿಗೆ ಒಮ್ಮೆ ತೋರಿಸಿ ನೋಡಿ." ಮರುದಿನವೇ ಅವರು ಅಕ್ಷರ ದಪ್ಪ ಮಾಡಿಸಿದರು.

ಫ್ಯಾಷನ್ ಬರುತ್ತದೆ, ಹೋಗುತ್ತದೆ, ಅದಕ್ಕೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎನ್ನುವವರಿದ್ದಾರೆ. ಅದು ಬದಲಾದಾಗಲೆಲ್ಲ ಯಾರೋ ಒಳಗೆ ಬರುತ್ತಾರೆ, ಯಾರೋ ಹೊರಗೆ ಉಳಿಯುತ್ತಾರೆ. ಹೊರಗೆ ಉಳಿದಿದ್ದವನ ಅಕ್ಕ ನಾನು; ನನಗೆ ಗೊತ್ತು.

ಇಂದು ಮನೆ ಬಿಡುವಾಗ "ನನ್ನ ಕಣ್ಣಿನ ವಿಷಯ ಎತ್ತಬೇಡ, ಕೆಲಸದ ವಿಷಯ ಹೇಳು," ಎಂದಿದ್ದ. ಅಕ್ಕನಾದವಳು ಒಂದು ಮಾತು ಮೀರಬಹುದು. ನಾಳೆಯಿಂದ ಅದೂ ಆಗದು. ಅವನು ನನ್ನ ಮೇಲಧಿಕಾರಿ. ನನ್ನ ಹೊಸ ಪುಟ ಬೆಳಿಗ್ಗೆಯೇ ಅವನ ಮೇಜಿಗೆ ಹೋಗುತ್ತದೆ. ತಪ್ಪು ಹುಡುಕಿ ವಾಪಸ್ ಕಳಿಸುವವನು ಒಬ್ಬನಿದ್ದಾನೆ ಎಂಬ ಧೈರ್ಯದಿಂದಲೇ ಮಾಡಿದ್ದೇನೆ.

ಅಂದು ಫೋನ್ ಇಡದೆ ಕೇಳಿಸಿಕೊಂಡ ಅಧ್ಯಕ್ಷರಿಗೂ, ಇಂದು ಎದ್ದು ಹೋಗದೆ ಕೇಳಿಸಿಕೊಂಡ ನಿಮಗೂ ಕೃತಜ್ಞತೆಗಳು. ಮುಖ್ಯಸ್ಥರೇ, ನಿಮಗೂ ನಿಮ್ಮ ಅಕ್ಕನ ನಮಸ್ಕಾರ.