ತಪ್ಪು ವಾಚಿನದಲ್ಲ

ಮಾರ್ಚ್ ೧೪, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಬಿಳಿ ಪರದೆಯೊಂದು ಫ್ಯಾನಿನ ಗಾಳಿಗೆ ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು. ನನಗೆ ಜೊಂಪು ಹತ್ತುತ್ತಿತ್ತು. ಎದುರು ಬೆಂಚಿನಲ್ಲಿ ಗಂಡ ಹೆಂಡತಿ. ಗಂಡ ಕೈಗಡಿಯಾರ ನೋಡುತ್ತ ತಮ್ಮದೇ ನಾಡಿ ಹಿಡಿದಿದ್ದರು.

“ಈ ವಾಚು ನಿಧಾನ ಆಗಿದೆ ಕಣೇ. ಅದಕ್ಕೇ ನಾಡಿ ಜಾಸ್ತಿ ಬರ್ತಿದೆ.”

“ಮೂವತ್ತು ವರ್ಷದಿಂದ ವಾಚು ರಿಪೇರಿ ಮಾಡೋರು ನೀವು. ಈ ವಾರ ನಾಲ್ಕು ವಾಚಲ್ಲಿ ನಾಡಿ ನೋಡ್ಕೊಂಡ್ರಿ. ನಾಲ್ಕೂ ನಿಧಾನವಾ?”

“ಇರಬಹುದು.”

“ನಿನ್ನೆ ಸ್ಕ್ರೂ ಕೈಜಾರಿದ್ದೂ ವಾಚಿನ ತಪ್ಪಾ?”

ಅವರು ವಾಚನ್ನು ಕಿವಿಗೆ ಹಿಡಿದು ಆಲಿಸಿದರು.

“ರೀ, ಹೋದ ತಿಂಗಳು ಹೊಟ್ಟೆ ಸ್ಕ್ಯಾನಿಗೆ ಅಯೋಡಿನ್ ಡೈ ಚುಚ್ಚಿದ್ರಲ್ಲ, ಅದನ್ನ ಡಾಕ್ಟರಿಗೆ ಹೇಳಿದ್ರಾ?”

“ಮೊನ್ನೆ ಬಂದಾಗ ಯಾವ ಮಾತ್ರೆ ತಗೋತೀರಿ ಅಂದ್ರು. ಯಾವುದೂ ಇಲ್ಲ ಅಂದೆ. ಡೈ ಮಾತ್ರೆ ಅಲ್ಲವಲ್ಲ.”

“ಅಯ್ಯೋ ನನ್ನ ಕರ್ಮವೇ! ನಿಮ್ಮ ಕುತ್ತಿಗೇಲಿ ಮೊದಲೇ ಗಂಟಿದೆ. ಅಂಥವರಿಗೆ ಅದರಿಂದ ಥೈರಾಯ್ಡ್ ಕೆರಳಿ ನಾಡಿ ಜೋರಾಗಬಹುದು, ಕೈ ನಡುಗಬಹುದು ಅಂತ ಸ್ಕ್ಯಾನಿನವರೇ ಚೀಟಿ ಕೊಟ್ಟಿದ್ರು.”

“ಆವತ್ತು ಮೈಯೆಲ್ಲ ಬೆಚ್ಚಗಾಯ್ತು, ಬಿಸಿಲಲ್ಲಿ ತೇಲಿದ ಹಾಗೆ. ಅಲ್ಲಿಗೇ ಮುಗೀತು ಅನ್ಕೊಂಡೆ.”

“ಈಗ ನೀವು ಹೇಳ್ತೀರೋ, ನಾನು ಹೇಳ್ಲೋ?”

“ಕೈ ಹೀಗೇ ನಡುಗಿದ್ರೆ ಅಂಗಡಿ ಮುಚ್ಚಬೇಕಾಗುತ್ತಲ್ಲೇ. ನಾನೇ ಹೇಳ್ತೀನಿ.”

ನರ್ಸ್ ಕರೆದರು. ಅವರು ವಾಚು ಬಿಚ್ಚಿ ಹೆಂಡತಿಯ ಕೈಗಿತ್ತು ಎದ್ದರು. ಬಾಗಿಲಲ್ಲೇ ನರ್ಸ್ ಅವರ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ, ಬಾಯಲ್ಲಿ ಹೇಳಿಕೊಂಡು ಬರೆದುಕೊಳ್ಳುತ್ತ ಒಳಗೆ ಕರೆದೊಯ್ದರು: ನಿಮಿಷಕ್ಕೆ ನೂರ ಹದಿನೆಂಟು.